ನೊರೆ ಮತ್ತು ನನ್ನ ಮರಗಟ್ಟಿದ ಕಾಲು

ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಚಪ್ಪಲಿ ಕಳಚಿಬಿತ್ತು. ಗೊತ್ತಾಗಲಿಲ್ಲ. ಹಿಂದೆ ಬರುತ್ತಿದ್ದ ಮುದುಕಿ ಕೂಗಿದಾಗ ನೋಡಿದರೆ, ಮಧ್ಯಾಹ್ನದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತಿದ್ದೆ.

ಕಾಲು ಸುಡುತ್ತಿರಲಿಲ್ಲ.

ತಲೆನೋವು ಮೊದಲೇ ಇತ್ತು, ಬಿಸಿಲಿನದು ಅಂದುಕೊಂಡಿದ್ದೆ. ಬಾಗಲಕೋಟೆಯ ಡಾಕ್ಟರಮ್ಮ ಶುಗರ್ ನೋಡಿದರು, ವಿಟಮಿನ್ ಬಿ ಟ್ವೆಲ್ವ್ ನೋಡಿದರು. ಎರಡೂ ಸರಿಯಿದ್ದವು. ನರ್ವ್ ಕಂಡಕ್ಷನ್ ಟೆಸ್ಟಿನಲ್ಲಿ ಕಾಲಿನ ನರಗಳು ಮಂದವಾಗಿದ್ದವು. ಏನು ಕೆಲಸ ಎಂದು ಕೇಳಿದರು. ಅದಿರು ಪರೀಕ್ಷಿಸುವ ಲ್ಯಾಬು ಎಂದೆ. ತಾಮ್ರದ ಅದಿರನ್ನು ಹಿಟ್ಟು ಮಾಡಿ ನೀರಿಗೆ ಹಾಕಿ, ಕ್ಸಾಂಥೇಟ್ ಎಂಬ ರಾಸಾಯನಿಕ ಬೆರೆಸಿ ಗಾಳಿ ಊದುತ್ತೇವೆ. ತಾಮ್ರದ ಕಣ ಗುಳ್ಳೆಗೆ ಅಂಟಿ ನೊರೆಯಲ್ಲಿ ಮೇಲೆ ಬರುತ್ತದೆ, ಕಲ್ಲು ತಳಕ್ಕಿಳಿಯುತ್ತದೆ. ಕ್ಸಾಂಥೇಟ್ ದ್ರಾವಣ ಮಾತ್ರ ಬೇಗ ಕೆಡುತ್ತದೆ. ಹೇಳುತ್ತಾ ಹೇಳುತ್ತಾ ನಾನು ಪೇಷಂಟು ಎಂಬುದೇ ಮರೆತುಹೋಯಿತು.

“ಆ ದ್ರಾವಣ ಕೆಟ್ಟೈತಿ ಅಂತ ಹೆಂಗ ತಿಳೀತೈತ್ರಿ?” ಎಂದರು ಡಾಕ್ಟರಮ್ಮ.

“ಮೂಸಿ ನೋಡ್ತೇನ್ರಿ.”

ಅವರು ಪೆನ್ನು ಕೆಳಗಿಟ್ಟರು.

ನಾನು ಗುಳೇದಗುಡ್ಡದ ನೇಕಾರರ ಮಗಳು. ನೂಲಿಗೆ ಹಾಕುವ ಗಂಜಿ ಹಳಸಿದೆಯೋ ಎಂದು ಮುಚ್ಚಳ ತೆಗೆದು ಮೂಸುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ರೂಢಿ. ಹುಟ್ಟುಗುಣ ಸುಟ್ಟರೂ ಹೋಗದು. ಲ್ಯಾಬಿನ ಕ್ಸಾಂಥೇಟ್ ಡಬ್ಬಿಗೂ ದಿನಾ ಬೆಳಿಗ್ಗೆ ಮೂಗಿಡುತ್ತಿದ್ದೆ. ತೇವ, ಸೆಕೆ ತಾಗಿದರೆ ಕ್ಸಾಂಥೇಟ್ ಒಡೆದು ನರ ಕೆಡಿಸುವ ಆವಿ ಬಿಡುತ್ತದಂತೆ. ಆ ಡಬ್ಬಿ ಇಡುವ ಕೋಣೆಗೆ ಇನ್ನು ಕಾಲಿಡಬೇಡಿ ಎಂದರು ಡಾಕ್ಟರಮ್ಮ.

ನನ್ನ ಗಂಡ ಕೆಲಸವನ್ನೇ ಬಿಡು ಎಂದರು. ಕಾಲು ಮರಗಟ್ಟಿದ್ದಕ್ಕೆ ಅಳದವಳು ಆ ಮಾತಿಗೆ ಅತ್ತೆ.

ರಜೆಯಲ್ಲಿ ಕೂತು ಓದಿದೆ. ಅಷ್ಟು ಸುಲಭವಾಗಿ ಒಡೆಯದ ಬೇರೆ ರಾಸಾಯನಿಕಗಳಿದ್ದವು. ಲ್ಯಾಬಿನ ಮಾಲೀಕರಿಗೆ ಫೋನಿನಲ್ಲಿ ದುಂಬಾಲು ಬಿದ್ದೆ. ಒಂದನ್ನು ತರಿಸಿದರು, ಆದರೆ ತಾಮ್ರ ತೀರಾ ಕಡಿಮೆ ಬಂದರೆ ಹಳೆಯದೇ ಗತಿ ಎಂದರು. ಹೊಸದರ ಟೆಸ್ಟಿನ ದಿನ ಲ್ಯಾಬಿನ ಕಿಟಕಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತೆ. ಮೊದಲ ಸಲ ಬೇಡದ ಕಬ್ಬಿಣದ ಖನಿಜವೂ ತಾಮ್ರದ ಜೊತೆ ಎದ್ದುಬಂತು. ಸುಣ್ಣ ಹೆಚ್ಚಾದರೆ ಕಬ್ಬಿಣ ಕೆಳಗೇ ಉಳಿಯುತ್ತದೆ, ಹೆಚ್ಚಿಸಿ ನೋಡಿ ಎಂದು ಒಳಗಿದ್ದವರಿಗೆ ಹೇಳಿದೆ. ಎರಡನೆಯ ಸಲ ನೊರೆ ಹಿತ್ತಾಳೆಯಂತೆ ಮಿನುಗಿತು. ಅದನ್ನು ಒಣಗಿಸಿ, ತಾಮ್ರ ಅಳೆದು ಮಾಲೀಕರು ಕಿಟಕಿಗೆ ಬಂದರು.

“ಹಳೇದಕ್ಕಿಂತ ಒಂಚೂರು ಕಡಿಮಿ ಐತಿ. ನಡೀತೈತಿ. ಆ ಹಳೇ ಡಬ್ಬಿ ಎಲ್ಲಾ ತಗಸ್ತೇನಿ, ಸೋಮವಾರ ಬರ್ರಿ ಅಕ್ಕಾರ.”

ಹೊಸದೂ ಪೂರ್ತಿ ನಿರಪಾಯವಲ್ಲ. ಮಾಸ್ಕು, ಗ್ಲೌಸು ಹಾಕುತ್ತೇನೆ. ಎಡಗಾಲಿನ ಬೆರಳುಗಳಿಗೆ ಅರಿವು ಮರಳುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಸೋಮವಾರ ಗೋಡೆ ಹಿಡಿದು ಒಳಗೆ ಹೋದೆ. ಬೈಕಿನ ಹತ್ತಿರ ನಿಂತಿದ್ದ ಗಂಡ ಬೇಡ ಎನ್ನಲಿಲ್ಲ.