ಫ್ಯೂಸಿಗೆ ಸುತ್ತಿದ ತಾಮ್ರ

ಕಳೆದ ತಿಂಗಳು ಹಾಸ್ಟೆಲ್ಲಿನಲ್ಲಿ ಒಂದು ಪ್ಲಗ್ಗು ಕರಗಿ, ಸುಟ್ಟ ಬೇಕಲೈಟಿನ ವಾಸನೆ ಹಬ್ಬಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಶ್ರೀನಿವಾಸಪುರದ ನಮ್ಮ ಬೀದಿಯ ರೇಡಿಯೋ ರಿಪೇರಿಯವರು ನೆನಪಾದರು...

ನಮ್ಮತ್ತೆ ರೇಷ್ಮೆಹುಳು ಸಾಕುತ್ತಿದ್ದರು. ಹೊರಗಿನ ಕಾಲಿನಿಂದ ರೋಗ ತಗಲುತ್ತದೆಂದು ಹುಳುಮನೆಯೊಳಗೆ ಪದೇಪದೇ ಹೋಗುವಂತಿರಲಿಲ್ಲ. ಅದಕ್ಕೇ ರಿಪೇರಿಯವರು ಒಂದು ಮರದ ಡಬ್ಬಿ ಮಾಡಿಕೊಟ್ಟಿದ್ದರು. ಕಿಟಕಿಯಾಚೆಯಿಂದ ಅದರ ಮೇಲೆ ಟಾರ್ಚು ಬಿಟ್ಟರೆ ಹುಳುಮನೆಯ ಹೀಟರು ಹೊತ್ತಿಕೊಳ್ಳುತ್ತಿತ್ತು, ಮತ್ತೊಮ್ಮೆ ಬಿಟ್ಟರೆ ಆರುತ್ತಿತ್ತು. ಡಬ್ಬಿಯೊಳಗೆ ಕೂದಲೆಳೆಯಂಥ ತಂತಿಯ ಫ್ಯೂಸು.

ಚಳಿ ಹೆಚ್ಚಾಗಿ ಅತ್ತೆ ಇನ್ನೊಂದು ಹೀಟರನ್ನೂ ಅದಕ್ಕೇ ಸಿಕ್ಕಿಸಿದಾಗ ಫ್ಯೂಸು ಹಾರತೊಡಗಿತು. ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದ ಬಿಸಿಯಲ್ಲಿದ್ದ ನಾನು ರಿಪೇರಿಯವರ ಅಂಗಡಿಗೇ ಹೋಗಿ ವಾದಕ್ಕಿಳಿದೆ. ಮನೆಯ ಬೋರ್ಡಿನಲ್ಲಿ ಫ್ಯೂಸಿರುವಾಗ ಡಬ್ಬಿಗೊಂದು ಯಾಕೆ?

“ಅದು ಇಡೀ ಮನೆಗೆ ಹಾಕಿದ್ದು ಕಣೋ. ಈ ಡಬ್ಬಿ ವೈರು ತಡಕೊಳ್ಳೋದು ಒಂದೇ ಹೀಟರು. ಡಬ್ಬಿ ಸುಟ್ಟುಹೋದ್ರೂ ಬೋರ್ಡಿಗೆ ಗೊತ್ತಾಗಲ್ಲ.”

“ಸುಟ್ಟಿದ್ದು ನೋಡಿದೀರಾ? ಪುರಾವೆ ಕೊಡಿ.”

“ಏಮ್ರಾ ಲಾಯರು! ಕಪ್ ಗೆದ್ದಿದೀಯಲ್ಲ, ಕರೆಂಟಿಗೆ ತೋರಿಸು ಹೋಗು,” ಎಂದು ತೆಲುಗು ಬೆರೆಸಿ ನಕ್ಕರು. ಅಂಗಡಿಯಲ್ಲಿದ್ದವರೂ ನಕ್ಕರು.

ಆ ನಗು ಸಹಿಸಲಾಗಲಿಲ್ಲ. ಮನೆಗೆ ಬಂದವನೇ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟೆ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದುದೇ ಅದು.

ಮೂರನೆಯ ದಿನ ಮಧ್ಯಾಹ್ನ ಡಬ್ಬಿ ಹೊತ್ತಿಕೊಂಡಿತು. ಬೋರ್ಡಿನ ಫ್ಯೂಸು ಜಪ್ಪಯ್ಯ ಅನ್ನಲಿಲ್ಲ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಬಿದಿರಿನ ತಟ್ಟೆಗಳ ಸಮೇತ ಹೋದವು.

ರಿಪೇರಿಯವರು ಓಡಿಬಂದು ಡಬ್ಬಿ ಬಿಚ್ಚಿದರು. ಒಳಗೆಲ್ಲ ಮಸಿ, ತಾಮ್ರ ಮಾತ್ರ ಹಾಗೇ ಇತ್ತು.

“ಇದು ಯಾರು ಕಟ್ಟಿದ್ದು?” ನನ್ನನ್ನೇ ನೋಡಿ ಕೇಳಿದರು.

ಉತ್ತರವಿಲ್ಲದಾಗ ಪ್ರಶ್ನೆಯನ್ನೇ ತಿರುಗಿಸಬೇಕು ಎಂದು ವೇದಿಕೆಯಲ್ಲಿ ಕಲಿತಿದ್ದೆ. “ನೀವು ಕಟ್ಟಿಲ್ಲ ಅನ್ನೋಕೆ ಏನು ಸಾಕ್ಷಿ?” ಎಂದೆ. ಪಕ್ಕದಲ್ಲೇ ನಿಂತಿದ್ದ ಅತ್ತೆ ನನ್ನನ್ನು ನಂಬಿದರು. ಆಮೇಲೆ ಬೀದಿಯಲ್ಲಿ ಯಾರೂ ರಿಪೇರಿಯವರ ಕೈಗೆ ಒಂದು ರೇಡಿಯೋ ಕೂಡ ಕೊಡಲಿಲ್ಲ. ಅಂಗಡಿ ಮುಚ್ಚಿ ಟೇಕಲ್ಲಿನ ಮಗಳ ಮನೆ ಸೇರಿದರು.

ಮೊನ್ನೆ ಊರಿಗೆ ಹೋದಾಗ ಅತ್ತೆಗೆ ಎಲ್ಲ ಹೇಳಿದೆ. ಸೊಪ್ಪು ಹೆಚ್ಚುತ್ತಿದ್ದ ಕೈ ನಿಂತಿತು.

“ಅವತ್ತು ಅಷ್ಟೊಂದು ಮಾತಾಡ್ದಲ್ಲೋ. ಇದೊಂದು ಹೇಳಕ್ಕಾಗ್ಲಿಲ್ವಾ?”

ಟೇಕಲ್ಲಿಗೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ.

“ಯಾರ ಹತ್ರ ಒಪ್ಕೊಳ್ತೀಯ? ಅವರು ತೀರ್ಕೊಂಡು ವರ್ಷ ಆಯ್ತು,” ಎಂದರು ಅತ್ತೆ. “ನಿನ್ನ ಮಾತು ನಂಬ್ಕೊಂಡು ನಾನು ಮಣ್ಣಿಗೂ ಹೋಗ್ಲಿಲ್ಲ ಕಣೋ.”