ಕುರ್ಚಿಯ ಹಿಂದಿನ ಮಾತು

ಕ್ಷೌರದಂಗಡಿ ನಡೆಸುತ್ತಿದ್ದ ನಮ್ಮ ಚಿಕ್ಕಪ್ಪ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡೇ ಬದುಕಿದರು. ಅವರು ತೀರಿಕೊಂಡ ದಿನ ಗಿರಾಕಿಗಳೆಲ್ಲ ಬಂದು, ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಅವರ ತಮಾಷೆಗಳನ್ನು ನೆನೆದು ನೆನೆದು ಅತ್ತರು. ಚಿಕ್ಕಮ್ಮ ಬೆಪ್ಪಾದರು.

"ಇವರೆಲ್ಲ ಯಾರ ಬಗ್ಗೆ ಹೇಳ್ತಿದಾರೆ?"

ಗಿರಾಕಿಗಳಲ್ಲೊಬ್ಬರು ಮನಶ್ಶಾಸ್ತ್ರದ ಮೇಷ್ಟರು. ಸಾವಿನ ಮನೆಯಲ್ಲೂ ಪಾಠ ಬಿಡದ ಆಸಾಮಿ.

"ಸಂಕೋಚ ಕೆಲವರಿಗೆ ಹುಟ್ಟಿನಿಂದ್ಲೇ ಬರುತ್ತಮ್ಮ. ಆದ್ರೆ ಅದೇ ಮನುಷ್ಯ ಜಾಗ ಬದಲಾದ್ರೆ ಬೇರೇನೇ ಆಗ್ತಾನೆ ಅಂತೀವಿ ನಾವು. ಅಂಗಡೀಲಿ ಅವರು ಕುರ್ಚಿ ಹಿಂದೆ ನಿಂತಿರೋರು, ನಾವು ತಲೆ ಬಗ್ಗಿಸಿ ಕೂತಿರ್ತಿದ್ವಿ. ಮುಖ ನೋಡೋರಿಲ್ಲ ಅಂದ್ರೆ ಅವರಿಗೆ ಮಾತು ತಾನಾಗೇ ಬರೋದು."

ಚಿಕ್ಕಮ್ಮ ಚಿಕ್ಕಪ್ಪನ ಮುಖದತ್ತ ತಿರುಗಿದರು.

"ಅಯ್ಯೋ, ನಾನು ದಿನಾ ಎದುರಿಗೇ ಕೂತು, ಮುಖಾನೇ ನೋಡ್ತಾ, ಏನಾದ್ರೂ ಮಾತಾಡ್ಲಿ ಅಂತ ಕಾದ್ನಲ್ಲ."