ನೀಲಿ ಪಟ್ಟಿಯ ಪೇಟ

ಅದು 2006ನೇ ಇಸವಿ. ಬಾಣಾವರದಲ್ಲಿ ನಮ್ಮ ಮಾವನವರಿಗೆ ಎಪ್ಪತ್ತು ತುಂಬಿತೆಂದು ಮನೆಮಂದಿಯೆಲ್ಲ ಸೇರಿ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದೆವು. ಆ ದಿನ ನನ್ನ ಷಡ್ಡಕನನ್ನು ಎಲ್ಲರೆದುರು ಸಪ್ಪೆ ಮಾಡಬೇಕೆಂದು ನಾನು ತಿಂಗಳುಗಟ್ಟಲೆ ತಯಾರಿ ನಡೆಸಿದ್ದೆ. ಇಷ್ಟು ಹೇಳಿದ ಮೇಲೆ ನಾನು ಎಂಥವನು ಅಂತ ನಿಮಗೆ ಗೊತ್ತಾಗಿರುತ್ತದೆ. ಹೌದು, ನನಗೆ ಹೊಟ್ಟೆಕಿಚ್ಚು ಜಾಸ್ತಿ. ನನ್ನ ಷಡ್ಡಕ ಲೋಕೇಶನನ್ನು ನೋಡಿದ್ದರೆ ನಿಮಗೂ ಬರುತ್ತಿತ್ತು.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ. ಅಪ್ಪನ ಕಾಲದಿಂದಲೂ ಅಲ್ಲಿ ಗಿರಾಕಿಗಳಿಗೆಂದು ಒಂದು ಕೋಟು, ಒಂದು ಟೈ, ಒಂದು ಫೆಲ್ಟ್ ಹ್ಯಾಟು ಇರುತ್ತಿದ್ದವು. ಹಾರನಹಳ್ಳಿ ಕಡೆಯಿಂದ ಬಂದ ಗಂಡಸರು ಮುಖ ತೊಳೆದು, ಪೌಡರ್ ಹಚ್ಚಿ, ಆ ಹ್ಯಾಟು ತಲೆಗಿಟ್ಟುಕೊಂಡರೆ ಸಾಕು, ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ನನಗೆ ಹ್ಯಾಟಿನ ಹುಚ್ಚು ಹಿಡಿದದ್ದು ಅದನ್ನು ನೋಡಿ ನೋಡಿಯೇ. ಡಿಜಿಟಲ್ ಕ್ಯಾಮೆರಾ ಬಂದು, ಸ್ಟುಡಿಯೊಗೆ ಕಂಪ್ಯೂಟರೂ ಇಂಟರ್ನೆಟ್ಟೂ ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇಲ್ಲದಂತಾಯಿತು. ಹಳೆಯ ವಸ್ತುಗಳನ್ನು ಹರಾಜು ಹಾಕುವ ವಿದೇಶದ ವೆಬ್‌ಸೈಟೊಂದು ಕಣ್ಣಿಗೆ ಬಿತ್ತು. ಅಲ್ಲಿ ಜನ ತಾತನ ಟೋಪಿ, ಮುತ್ತಾತನ ಟೋಪಿ ಎಲ್ಲ ಮಾರುತ್ತಿದ್ದರು. ಫೋಟೊ ಪ್ರಿಂಟ್ ಹಾಕುವುದು ಬಿಟ್ಟು ನಾನು ಅದರ ಮುಂದೆಯೇ ಕೂರತೊಡಗಿದೆ. ಗುಂಡನೆಯ ಕರಿ ಹ್ಯಾಟು ಬಂತು, ಒಳಗೆ ಚರ್ಮದ ಪಟ್ಟಿಯಿದ್ದ ಬೂದು ಹ್ಯಾಟು ಬಂತು, ಬಿಕ್ಕೋಡಿನ ಎಸ್ಟೇಟುಗಳಲ್ಲಿ ಹಿಂದೆ ದೊರೆಗಳು ಹಾಕುತ್ತಿದ್ದಂಥ ಸೋಲಾ ಹ್ಯಾಟು ಹಡಗು ಹತ್ತಿ ವಾಪಸ್ ಬಂತು. ಪಾರ್ಸಲ್ ತರುವಾಗಲೆಲ್ಲ ನಮ್ಮ ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ನಿಂತು, ಯಾರೋ ನಿಮಗೆ ಮತ್ತೆ ಟೋಪಿ ಹಾಕವ್ರೆ ಸಾರ್, ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಇನ್ನು ಲೋಕೇಶ. ಅವನು ನನ್ನ ಹೆಂಡತಿ ಗಿರಿಜಳ ತಂಗಿಯ ಗಂಡ. ಹಳೇಬೀಡಿನಲ್ಲಿ ಗೈಡು. ನನಗಿಂತ ಚಿಕ್ಕವನು, ನನಗಿಂತ ಎತ್ತರ, ತಲೆಯಂತೂ ಕುಂಬಳಕಾಯಿ ಗಾತ್ರ. ಬಾಯಿ ತೆಗೆದರೆ ಇಂಗ್ಲಿಷು, ಹಿಂದಿ, ನಡುನಡುವೆ ಫ್ರೆಂಚು. ದೇವಸ್ಥಾನದ ಕಂಬದ ಮುಂದೆ ನಿಂತು ಮಾತಾಡತೊಡಗಿದರೆ ಫಾರಿನ್ನಿನವರು ಕ್ಯಾಮೆರಾ ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಮಾವನ ಮನೆಗೆ ಹೋದರೆ ಅತ್ತೆ ಮೊದಲು ಕೇಳುತ್ತಿದ್ದದ್ದು, ಲೋಕೇಶಪ್ಪ ಬರಲಿಲ್ವಾ ಅಂತ. ಬಂದು ಎದುರಿಗೇ ನಿಂತ ನಾನು ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಅದಕ್ಕೂ ಎರಡು ಮೂರು ವರ್ಷ ಮೊದಲು ಬೇಲೂರಿನಲ್ಲಿ ಒಂದು ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಫೋಟೊ ತೆಗೆಯಲು ಅವನು ನನ್ನನ್ನೇ ಕರೆದ. ಬೇರೆ ಯಾರನ್ನು ಕರೀಲಣ್ಣ, ನೀವಿರೋವಾಗ, ಎಂದ. ಗಿರಿಜಳನ್ನೂ ಕರೆದುಕೊಂಡು ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಸೂರು ಪೇಟ ತೊಡಿಸಲು ಹೋದರೆ ಅದು ಆ ತಲೆಗೆ ಇಳಿಯಲೇ ಇಲ್ಲ, ನೆತ್ತಿಯ ಮೇಲೆ ಕಾಗೆ ಕೂತ ಹಾಗೆ ಕೂತುಕೊಂಡಿತು. ಸಭೆ ನಗತೊಡಗಿತು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಗಿರಿಜಾ ಸುಮ್ಮನಿರಬೇಕಲ್ಲ! ಅವಳು ಮನೆಯಲ್ಲಿ ಸೀರೆಗೆ ಫಾಲು ಹೊಲಿದುಕೊಡುತ್ತಾಳೆ, ಬ್ಯಾಗಿನಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ಪೇಟವನ್ನು ಈಸಿಕೊಂಡು ವೇದಿಕೆಯ ಹಿಂದೆ ಹೋದಳು. ನಾನು ಫ್ಲ್ಯಾಶಿನ ಸೆಲ್ ಬದಲಾಯಿಸುವಷ್ಟರಲ್ಲಿ ಅದೇನು ಮಾಡಿದಳೋ, ಹಿಗ್ಗಿಸಿ ತಂದುಕೊಟ್ಟಳು. ಪೇಟ ಅಳತೆ ಕೊಟ್ಟು ಹೊಲಿಸಿದ ಹಾಗೆ ಅವನ ತಲೆಗೆ ಕೂತಿತು. ಚಪ್ಪಾಳೆ. ನಾನು ಕ್ಲಿಕ್ಕಿಸಿದೆ.

ಆ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಡಿ ಎಂದು ಮಾವ ಹೇಳಿ ಕಳಿಸಿದರು. ಮಾಡಿಸಿಕೊಟ್ಟೆ. ಅಂದಿನಿಂದ ಬಾಣಾವರದ ನಡುಮನೆಯಲ್ಲಿ, ಊಟಕ್ಕೆ ಕೂತರೆ ನೇರ ಎದುರಿಗೆ ಬರುವ ಗೋಡೆಯ ಮೇಲೆ, ಪೇಟ ತೊಟ್ಟ ಲೋಕೇಶ ನಗುತ್ತಿದ್ದ. ಹೋಳಿಗೆ ಬಡಿಸಿದರೂ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಟೋಪಿಗಾಗಿ ಜೀವ ಬಿಡುವವನು ನಾನು, ಪೇಟ ಸಿಕ್ಕಿದ್ದು ಅವನಿಗೆ. ಇದೆಲ್ಲಿಯ ನ್ಯಾಯ?

ಹೀಗೆ ಕುದಿಯುತ್ತಿದ್ದಾಗಲೇ ಒಂದು ಮಧ್ಯಾಹ್ನ ಆ ಹರಾಜಿನ ವೆಬ್‌ಸೈಟಿನಲ್ಲಿ ಅದು ಕಾಣಿಸಿತು. ಮೈಸೂರು ಅರಮನೆಯ ಆಸ್ಥಾನಿಕರ ಪೇಟ, ಬಹಳ ಹಳೆಯದು, ಒಳಭಾಗದಲ್ಲಿ ಅಪರೂಪದ ನೀಲಿ ಪಟ್ಟಿಯಿದೆ, ಬಹುಶಃ ರಾಜವಂಶದ ಗುರುತು ಎಂದು ಮಾರುವವನು ಬರೆದಿದ್ದ. ಫೋಟೊ ಮಬ್ಬಾಗಿತ್ತು. ನಮ್ಮ ಇಂಟರ್ನೆಟ್ಟಿನಲ್ಲಿ ಅದು ಜರಿ ಅಂಚಿನಿಂದ ಶುರುವಾಗಿ ಕೆಳಗಿನ ತನಕ ಇಳಿಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಿದ್ದೆ. ನೋಡಿದ ತಕ್ಷಣ ತಲೆಯಲ್ಲಿ ಒಂದೇ ಯೋಚನೆ. ಮಾವನವರ ಎಪ್ಪತ್ತರ ದಿನ ಇದನ್ನು ನಾನೇ ಅವರ ತಲೆಗೆ ತೊಡಿಸಬೇಕು. ಸಂಘದವರು ಅಂಗಡಿಯಲ್ಲಿ ಕೊಂಡು ತಂದ ಪೇಟವೆಲ್ಲಿ, ಅರಮನೆಯ ಪೇಟವೆಲ್ಲಿ! ಆ ಗೋಡೆಯ ಮೇಲೆ ಲೋಕೇಶನ ಪಕ್ಕದಲ್ಲಿ ಅದರ ಫೋಟೊ ಬರಬೇಕು. ಆಮೇಲೆ ಅತ್ತೆ ಯಾರ ಹೆಸರು ಮೊದಲು ಹಿಡಿಯುತ್ತಾರೋ ನೋಡೋಣ.

ಹರಾಜಿನಲ್ಲಿ ಇನ್ನೊಬ್ಬ ಯಾರೋ ಪುಣ್ಯಾತ್ಮ ಗಂಟುಬಿದ್ದ. ನಾನು ಏರಿಸಿದರೆ ಅವನೂ ಏರಿಸುತ್ತಿದ್ದ. ಯಾವ ದೇಶದವನೋ ಏನೋ, ನನಗಂತೂ ಆ ಕಡೆ ಲೋಕೇಶನೇ ಕೂತಿದ್ದಾನೆ ಅನ್ನಿಸಿ ಹಟ ಹೆಚ್ಚುತ್ತಲೇ ಹೋಯಿತು. ಕೊನೆಯ ಗಳಿಗೆಯಲ್ಲಿ ಕರೆಂಟ್ ಹೋದೀತೆಂದು ಪಕ್ಕದ ಅಂಗಡಿಯ ಜನರೇಟರಿಗೆ ವೈರು ಎಳೆಸಿದ್ದೆ. ಗೆದ್ದೆ. ಎಷ್ಟಕ್ಕೆ ಗೆದ್ದೆ ಎಂದು ಗಿರಿಜಳಿಗೆ ಇವತ್ತಿಗೂ ಹೇಳಿಲ್ಲ.

ಪೇಟ ಬಂದದ್ದು ಮರದ ಪೆಟ್ಟಿಗೆಯಲ್ಲಿ, ಸುತ್ತ ಮೆತ್ತನೆಯ ಬಟ್ಟೆ ಹಾಕಿ. ಪೆಟ್ಟಿಗೆ ತೆಗೆದಾಗ ಹಳೆಯ ಬೀರುವಿನ ವಾಸನೆ ಬಂತು. ನಮ್ಮ ಕಡೆ ಸನ್ಮಾನಕ್ಕೆ ಕೊಡುವ ಪೇಟದ ಹಾಗೆಯೇ ಇದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಅರಮನೆಯ ಪೇಟ ನೋಡಿಕೊಂಡೇ ತಾನೆ ಸನ್ಮಾನದ ಪೇಟ ಹೊಲಿಯೋದು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಗಿನ ನೀಲಿ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗಿರಿಜಳಿಗೂ ತೋರಿಸದೆ ಬೀಗ ಹಾಕಿಟ್ಟೆ. ಎಲ್ಲರ ಜೊತೆ ಅವಳೂ ಬೆರಗಾಗಲಿ ಅಂತ ನನ್ನ ಆಸೆ.

ಸಮಾರಂಭದ ದಿನ ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ ಆರತಿ ಎತ್ತಿದರು. ಲೋಕೇಶ ಒಂದು ಗಡಿಯಾರ ಕೊಟ್ಟ, ಎಲ್ಲರೂ ಆಹಾ ಎಂದರು. ನಾನು ನಿಧಾನಕ್ಕೆ ಪೆಟ್ಟಿಗೆ ತಂದಿಟ್ಟೆ. ಇದು ಮೈಸೂರು ಅರಮನೆಯದು, ಒಳಗಿನ ನೀಲಿ ಪಟ್ಟಿ ರಾಜವಂಶದ ಗುರುತು, ಕಡಲಾಚೆ ಹೋಗಿದ್ದನ್ನು ಹರಾಜಿನಲ್ಲಿ ಗೆದ್ದು ತರಿಸಿದ್ದೇನೆ ಎಂದು ಪುಟ್ಟ ಭಾಷಣವನ್ನೂ ಮಾಡಿದೆ. ಮಾವ ಕಣ್ಣರಳಿಸಿ, “ಏನ್ ಅಳಿಯಂದ್ರೆ, ನಿಜವಾಗ್ಲೂ ಅರಮನೇದಾ?” ಎಂದರು. ಎರಡೂ ಕೈಯಲ್ಲಿ ಪೇಟ ಎತ್ತಿ ಅವರ ತಲೆಗಿಟ್ಟೆ.

ಪೇಟ ಸೀದಾ ಇಳಿದು ಮೂಗಿನ ಮೇಲೆ ಕೂತಿತು. ಮಾವನವರ ಮುಖದಲ್ಲಿ ಮೀಸೆ ಮಾತ್ರ ಕಾಣುತ್ತಿತ್ತು. ಮಕ್ಕಳು ಕಿಸಕ್ಕನೆ ನಕ್ಕರು. ರಾಜರ ತಲೆ ದೊಡ್ಡದಿರ್ತಿತ್ತು ಎಂದು ನಾನು ಏನೋ ತೊದಲಿದೆ. ಗಿರಿಜಾ ಎದ್ದು ಬಂದು, ಕೊಡಿ ಇಲ್ಲಿ, ಸ್ವಲ್ಪ ಹಿಡಿದು ಹೊಲೀತೀನಿ ಎಂದು ಒಳಗೆ ಒಯ್ದಳು. ಈ ಸಲ ಬಹಳ ಹೊತ್ತು ಹಿಡಿಯಿತು. ಕೊನೆಗೆ ತಂದಾಗ ಪೇಟ ಮಾವನವರಿಗೆ ಸರಿಯಾಗಿ ಕೂತಿತು. ಆದರೆ ಅವಳು ನನ್ನ ಮುಖ ನೋಡದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ನನಗದು ತಲೆಗೇ ಹೋಗಲಿಲ್ಲ. ಮಾವ ಮಹಾರಾಜರಂತೆ ಕೂತಿದ್ದರು. ನಾನು ಫೋಟೊ ಮೇಲೆ ಫೋಟೊ ಹೊಡೆದೆ. ಅತ್ತೆ ಮೊದಲ ಸಲ ನನ್ನ ಎಲೆಗೆ ಕೇಳದೆಯೇ ತುಪ್ಪ ಬಡಿಸಿದರು. ಲೋಕೇಶ ಬಂದು ಪೇಟದ ಜರಿಯನ್ನು ಬೆರಳ ತುದಿಯಲ್ಲಿ ಮುಟ್ಟಿ, ಇಂಥದ್ದು ಮುಟ್ಟಕ್ಕೆ ಸಿಕ್ಕಿದ್ದೇ ಪುಣ್ಯ ಕಣಣ್ಣ ಎಂದ. ಅವನ ಕಣ್ಣಲ್ಲಿ ಹೊಟ್ಟೆಕಿಚ್ಚು ಇದೆಯಾ ಎಂದು ಹುಡುಕಿದೆ. ಇರಲಿಲ್ಲ, ಬರೀ ಖುಷಿ ಇತ್ತು. ಅದೂ ನನ್ನ ಮೈ ಉರಿಸಿತು.

ಊಟವಾಗಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಗಿರಿಜಾ ಬಂದು ಚೊಂಬು ಹಿಡಿದು ನೀರು ಹಾಕುತ್ತ ಮೆಲ್ಲಗೆ ಹೇಳಿದಳು.

“ರೀ, ನಿಮ್ಮ ರಾಜವಂಶದ ಗುರುತು ಐತಲ್ಲ, ಅದು ನಾನು ಹೊಲಿದಿದ್ದ ಸೀರೆ ಫಾಲು ಕಣ್ರೀ.”

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಬೇಲೂರಿನಲ್ಲಿ ಪೇಟ ಹಿಡಿಸದಿದ್ದಾಗ ಹಿಂದಿನ ಹೊಲಿಗೆ ಬಿಚ್ಚಿ, ಬ್ಯಾಗಿನಲ್ಲಿದ್ದ ನೀಲಿ ಫಾಲಿನ ತುಂಡೊಂದನ್ನು ಒಳಗೆ ಕೂಡಿಸಿ ಹಿಗ್ಗಿಸಿದ್ದಳಂತೆ. ದಾರ ಅವಳದೇ, ಹೊಲಿಗೆ ಅವಳದೇ, ಕೊನೆಯಲ್ಲಿ ಹಾಕಿದ ಗಂಟೂ ಅವಳದೇ. “ಇದು ನಮ್ಮ ಲೋಕೇಶಂದೇ. ಈಗ ಆ ತುಂಡು ಮಡಚಿ ಒಳಗೆ ಹಾಕಿದೀನಿ. ಬಾಯಿ ಮುಚ್ಕೊಂಡು ಇರಿ,” ಎಂದಳು.

ಕೈ ಒರೆಸಿಕೊಂಡು ಸೀದಾ ಜಗಲಿಗೆ ಹೋದೆ. ಲೋಕೇಶ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಏನೂ ಗೊತ್ತಿಲ್ಲದವನ ಹಾಗೆ, ನಿನಗೆ ಬೇಲೂರಲ್ಲಿ ಕೊಟ್ಟ ಪೇಟ ಚೆನ್ನಾಗಿಟ್ಟುಕೊಂಡಿದ್ದೀಯಾ ಎಂದು ಕೇಳಿದೆ.

“ಅದಾ? ಕೊಟ್ಬಿಟ್ಟೆ ಕಣಣ್ಣ. ಒಬ್ಬ ಫಾರಿನ್ನೋನು ಮನೆಗೆ ಕಾಫಿಗೆ ಬಂದಿದ್ದ. ಗೋಡೆ ಮೇಲಿದ್ದದ್ದು ನೋಡಿ ಚೆನ್ನಾಗೈತೆ ಅಂದ, ತಗೋಳಪ್ಪ ಅಂದೆ. ತಲೆಗಿಟ್ಕೊಂಡು ಕುಣಿದಾಡಿಬಿಟ್ಟ. ನಮ್ಮನೇಲಿ ಇದ್ದಿದ್ರೆ ಧೂಳು ತಿಂತಿತ್ತು, ಇನ್ನೇನು?”

ಇಷ್ಟು ಹೇಳಿ ಅವನು ಸುಣ್ಣದ ಡಬ್ಬಿ ಹುಡುಕತೊಡಗಿದ. ನನಗೆ ಅಲ್ಲಿಯವರೆಗೆ ಅವನ ಮೇಲೆ ಇದ್ದ ಹೊಟ್ಟೆಕಿಚ್ಚು ಏನೇನೂ ಅಲ್ಲ ಅನ್ನಿಸಿತು. ಅವನಿಗೆ ಪೇಟ ಸಿಕ್ಕಿದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ನಾನು ವರ್ಷಗಟ್ಟಲೆ ಊಟ ನಿದ್ದೆ ಕೆಡಿಸಿಕೊಂಡು ಉರಿದದ್ದನ್ನು ಅವನು ಒಂದು ಕಾಫಿ ಕುಡಿಯುವಷ್ಟರಲ್ಲಿ ಯಾರಿಗೋ ಎತ್ತಿ ಕೊಟ್ಟಿದ್ದಾನಲ್ಲ, ಅದನ್ನು ಸಹಿಸುವುದು ಹೇಗೆ? ಅಷ್ಟು ಹಗುರವಾಗಿ ಕೊಡುವ ಮನಸ್ಸು ನನಗೇಕೆ ಬರಲಿಲ್ಲ? ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಒಳಗೆ ನಡುಮನೆಯಲ್ಲಿ ಮಾವ ಇನ್ನೂ ಪೇಟ ತೆಗೆಯದೆ, ಬಂದವರಿಗೆಲ್ಲ, ನಮ್ಮ ದೊಡ್ಡ ಅಳಿಯಂದ್ರು ತಂದದ್ದು ಎಂದು ತೋರಿಸುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಬಾಣಾವರದ ಆ ಗೋಡೆಯಲ್ಲಿ ಈಗ ಎರಡು ಫೋಟೊಗಳು ಅಕ್ಕಪಕ್ಕ ಇವೆ. ಎರಡು ತಲೆ, ಪೇಟ ಒಂದೇ. ಎರಡನ್ನೂ ತೆಗೆದವನು ನಾನೇ, ಕಟ್ಟು ಹಾಕಿಸಿದವನೂ ನಾನೇ. ಇವತ್ತಿನವರೆಗೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ಪೇಟವನ್ನು ಅತ್ತೆ ಕೆಲವು ದಿನಗಳ ಮೇಲೆ, ನಿಮ್ಮ ಟೋಪಿಗಳ ಜೊತೆಗೇ ಇರಲಿ ಎಂದು ವಾಪಸ್ ಕಳಿಸಿದರು. ಸ್ಟುಡಿಯೊದ ಗಾಜಿನ ಬೀರುವಿನಲ್ಲಿ, ಸೋಲಾ ಹ್ಯಾಟಿನ ಪಕ್ಕದಲ್ಲಿ ಇದೆ. ಒಮ್ಮೆ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ಹಾಕಿ ನೋಡಿದೆ. ಮಾವನ ಅಳತೆಗೆ ಹೊಲಿದದ್ದು, ನನ್ನ ತಲೆಗೆ ಇಳಿಯಲಿಲ್ಲ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು. ನಗಲಿಲ್ಲ. “ಕೊಡಿ, ನಿಮ್ಮ ತಲೆಗೂ ಸರಿ ಮಾಡಿಕೊಡ್ತೀನಿ,” ಎಂದಳು. ಬೇಡ ಎಂದೆ. ಇನ್ನೊಬ್ಬರು ಕರೆದು ತೊಡಿಸಿದರೆ ಅದು ಪೇಟ, ನಾನಾಗಿ ಹಾಕಿಕೊಂಡರೆ ಟೋಪಿ ಅಷ್ಟೆ.

ಮೊನ್ನೆ ಲೋಕೇಶ ಫೋನ್ ಮಾಡಿದ್ದ. ಅವನಿಗೆ ಇನ್ನೊಂದು ಸನ್ಮಾನವಂತೆ. ಫೋಟೊಗೆ ನೀವೇ ಬರಬೇಕು ಅಣ್ಣ ಎಂದ. ಹಳೆಯ ಹೊಟ್ಟೆಕಿಚ್ಚು ಹಾಗೆಯೇ ಎದ್ದಿತು. ಬರುತ್ತೇನೆ ಎಂದೆ. ಗಿರಿಜಾ ಆಗಲೇ ಬ್ಯಾಗಿನಲ್ಲಿ ಸೂಜಿ ದಾರ ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು.